ಮನೆ ಮುಂದೆ ನಿಂತ ಹಳೆಯ ಕಾರು: ಯಾವ ಫಾರ್ವರ್ಡ್ ನಂಬಬೇಕು, ಯಾವುದನ್ನು ಬಿಡಬೇಕು?

"ನಿಂತ ಕಾರನ್ನು ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿಡಿ, ಬ್ಯಾಟರಿ ಹಾಳಾಗಲ್ಲ." "ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತೆ." "ಕೂಲಂಟ್ ಅನ್ನೋದು ಕಂಪನಿಗಳ ವ್ಯಾಪಾರ, ನಲ್ಲಿ ನೀರೇ ಸಾಕು." ಹಳೆಯ ಕಾರು ಇಟ್ಟುಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ವರ್ಷಪೂರ್ತಿ ಸುತ್ತುತ್ತಿರುತ್ತವೆ. ಇವುಗಳಲ್ಲಿ ಕೆಲವು ಬರೀ ಸುಳ್ಳು. ಕೆಲವು ಅರ್ಧ ನಿಜ. ಒಂದೆರಡಂತೂ ಜೀವಕ್ಕೇ ಅಪಾಯ ತರುವಂಥವು.

ನಮ್ಮಲ್ಲಿ ಹಳೆಯ ಕಾರುಗಳೇನೂ ಕಡಿಮೆಯಿಲ್ಲ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಅಂಬಾಸಿಡರ್ ನಿಂತಿದ್ದೂ ಅದೇ ವರ್ಷ. ಅಪ್ಪನ ಕಾಲದ 800, ಯಾರೋ ಕಡಿಮೆ ಬೆಲೆಗೆ ಕೊಟ್ಟ ಝೆನ್, ಆಸೆಯಿಂದ ತಂದ ಪದ್ಮಿನಿ ಹೀಗೆ ಎರಡು ಮೂರು ಕಾರು ಕಾಂಪೌಂಡಿನಲ್ಲಿ ನಿಲ್ಲಿಸಿಕೊಂಡು, ಭಾನುವಾರ ತಾವೇ ಸ್ಪ್ಯಾನರ್ ಹಿಡಿಯುವವರು ಬಹಳ ಮಂದಿ ಇದ್ದಾರೆ. ಒಂದನ್ನು ಸರಿ ಮಾಡಿ ಮಾರುತ್ತಾರೆ, ಇನ್ನೊಂದನ್ನು ತರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತುವುದೂ ಅವರಿಗೆ ಖುಷಿಯ ಕೆಲಸವೇ.

ಈ ಲೇಖನ ಅವರಿಗಾಗಿ, ಮತ್ತು ಅವರಿಗೆ ಫಾರ್ವರ್ಡ್ ಕಳಿಸುವ ಎಲ್ಲರಿಗಾಗಿ.

ಮೊದಲು ಒಂದು ಮಾತು: ಮೀಟರ್ ಅಲ್ಲ, ಕ್ಯಾಲೆಂಡರ್ ನೋಡಿ

"ಕಾರು ಬರೀ 40 ಸಾವಿರ ಕಿಲೋಮೀಟರ್ ಓಡಿದೆ, ಹೊಸದರಂತೆಯೇ ಇದೆ" ಎಂದು ಮಾರುವವರು ಹೇಳುತ್ತಾರೆ. ಆದರೆ ಕಾರಿನ ಎಷ್ಟೋ ಭಾಗಗಳಿಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ. ರಬ್ಬರ್ ಪೈಪು, ಫ್ಯಾನ್ ಬೆಲ್ಟ್, ಬ್ರೇಕಿನೊಳಗಿನ ರಬ್ಬರ್ ವಾಷರ್‌ಗಳು, ಟೈರು ಇವೆಲ್ಲ ಗಾಳಿ, ಬಿಸಿಲು, ಶಾಖಕ್ಕೆ ಸಿಕ್ಕಿ ನಿಂತಲ್ಲೇ ಒಣಗಿ ಬಿರುಕು ಬಿಡುತ್ತವೆ. ಬ್ರೇಕ್ ಆಯಿಲ್ ನಿಂತಲ್ಲೇ ನೀರು ಹೀರುತ್ತದೆ. ಬ್ಯಾಟರಿ ನಿಂತಲ್ಲೇ ಇಳಿಯುತ್ತದೆ. ಪೆಟ್ರೋಲ್ ನಿಂತಲ್ಲೇ ಹಳಸುತ್ತದೆ.

ಅಂದರೆ, ಹಳೆಯ ಕಾರು ಓಡಿ ಹಾಳಾಗುವಷ್ಟೇ ನಿಂತೂ ಹಾಳಾಗುತ್ತದೆ. ಎರಡು ಮೂರು ಕಾರು ಇಟ್ಟುಕೊಂಡವರ ಮನೆಯಲ್ಲಿ ಯಾವಾಗಲೂ ಒಂದಾದರೂ ನಿಂತೇ ಇರುತ್ತದೆ. ಇದು ಅರ್ಥವಾದರೆ ಫಾರ್ವರ್ಡ್‌ಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನೀವೇ ಹೇಳಬಹುದು.

ಸಂದೇಶ 1: "ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ"

ನಿಜವೇನು? ಇದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯಿಂದ ಒಮ್ಮೆಗೇ ತುಂಬಾ ಕರೆಂಟ್ ಹೋಗುತ್ತದೆ. ನಿಂತಲ್ಲೇ ನಿಧಾನಕ್ಕೆ ಓಡುವ ಎಂಜಿನ್‌ನಲ್ಲಿ ಆಲ್ಟರ್ನೇಟರ್ ಕೊಡುವ ಕರೆಂಟ್ ಕಡಿಮೆ. ಐದು ನಿಮಿಷದಲ್ಲಿ ಖರ್ಚಾದದ್ದು ಪೂರ್ತಿ ವಾಪಸ್ ಬರದೇ ಇರಬಹುದು. ಹಳೆಯ ಬ್ಯಾಟರಿಯಾದರೆ ದಿನದಿಂದ ದಿನಕ್ಕೆ ಸೊರಗುತ್ತದೆ.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು! ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೇ ಆಫ್ ಮಾಡಿದರೆ ಸೈಲೆನ್ಸರ್ ಒಳಗೆ, ಎಂಜಿನ್ ಆಯಿಲ್ ಒಳಗೆ ಉಳಿಯುತ್ತದೆ. ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಏನು ಮಾಡಬೇಕು? ವಾರಕ್ಕೊಮ್ಮೆ, ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ, 20ರಿಂದ 30 ನಿಮಿಷ ರಸ್ತೆಯಲ್ಲಿ ಓಡಿಸಿ. ಬ್ರೇಕ್, ಕ್ಲಚ್, ಟೈರ್ ಎಲ್ಲಕ್ಕೂ ಕೆಲಸ ಸಿಗುತ್ತದೆ. ತಿಂಗಳುಗಟ್ಟಲೆ ಓಡಿಸುವುದೇ ಇಲ್ಲ ಎಂದಾದರೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ.

ಇಲ್ಲಿ ಒಂದು ನಿಮಿಷ ನಿಲ್ಲಿ: ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬೇಡ

ಮಳೆ ಬರುತ್ತಿದೆ ಎಂದೋ, ಅಕ್ಕಪಕ್ಕದವರಿಗೆ ಸದ್ದಾಗಬಾರದೆಂದೋ ಶೆಡ್ಡಿನ ಬಾಗಿಲು ಹಾಕಿ ಎಂಜಿನ್ ಚಾಲೂ ಮಾಡುವವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಕಾರ್ಬ್ಯುರೇಟರ್ ಇರುವ, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಕಾರುಗಳು ಹೊಸ ಕಾರುಗಳಿಗಿಂತ ಬಹಳ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತವೆ.

ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. "ಪೆಟ್ರೋಲ್ ವಾಸನೆಗೆ ತಲೆ ಹಿಡಿದಿದೆ" ಎಂದುಕೊಂಡು ಅಲ್ಲೇ ಕುಳಿತರೆ ಪ್ರಜ್ಞೆ ತಪ್ಪಬಹುದು. ತಕ್ಷಣ ಹೊರಗೆ ಗಾಳಿಗೆ ಬನ್ನಿ, 108ಕ್ಕೆ ಕರೆ ಮಾಡಿ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು ಎಂಬ ನಂಬಿಕೆ ಬೇಡ. ಕಾರನ್ನು ಹೊರಗೆ ತಳ್ಳಿಕೊಂಡು ಬಂದೇ ಸ್ಟಾರ್ಟ್ ಮಾಡಿ. ಹಳೆಯ ಕಾರಿನಲ್ಲಿ ಗಾಜು ಏರಿಸಿ, ಎಸಿ ಹಾಕಿ ಮಲಗುವುದೂ ಇದೇ ಕಾರಣಕ್ಕೆ ಅಪಾಯ.

ಸಂದೇಶ 2: "ಬ್ಯಾಟರಿಗೆ ಕೋಲಾ ಸುರಿಯಿರಿ, ಆಸ್ಪಿರಿನ್ ಮಾತ್ರೆ ಹಾಕಿ"

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟುತ್ತದೆ. ಕೋಲಾದಲ್ಲಿ ಆಮ್ಲ ಇರುವುದರಿಂದ ಅದು ಸ್ವಲ್ಪ ಕರಗುವುದು ನಿಜ. ಆದರೆ ಸಕ್ಕರೆಯ ಅಂಟು ಅಲ್ಲೇ ಉಳಿದು ಧೂಳು, ಇರುವೆ ಎರಡನ್ನೂ ಕರೆಯುತ್ತದೆ. ಆ ಪುಡಿಗೆ ಮೂಲ ಬ್ಯಾಟರಿಯೊಳಗಿನ ಆ್ಯಸಿಡ್. ಆಮ್ಲಕ್ಕೆ ಮದ್ದು ಕ್ಷಾರ. ಅಡುಗೆ ಸೋಡಾ ಒಂದು ಚಮಚವನ್ನು ಬಿಸಿ ನೀರಿನಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಬುರುಗು ನಿಂತ ಮೇಲೆ ಒರೆಸಿ, ಒಣಗಿಸಿ, ಸ್ವಲ್ಪ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಬೀಳಬಾರದು.

ಆಸ್ಪಿರಿನ್ ಮಾತ್ರೆ ಬ್ಯಾಟರಿಯನ್ನು ಬದುಕಿಸುವುದಿಲ್ಲ. ಮಾತ್ರೆ ಒಡೆದು ಹುಟ್ಟುವ ಅಸಿಟಿಕ್ ಆಮ್ಲ ಒಳಗಿನ ಸೀಸದ ಪ್ಲೇಟ್‌ಗಳನ್ನೇ ತಿನ್ನುತ್ತದೆ.

ನೆನಪಿಡಬೇಕಾದ್ದು ಮೂರು. ಒಂದು, ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು ಬೇಡ, ಆ್ಯಸಿಡ್ಡೂ ಬೇಡ. ಎರಡು, ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಮೂರು, ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ. ಹತ್ತಿರ ಬೀಡಿ, ಸಿಗರೇಟ್ ಬೇಡ. ಆಯುಧಪೂಜೆಯ ಊದುಬತ್ತಿಯೂ ಬೇಡ.

ಮಲ್ಟಿಮೀಟರ್ ಇದ್ದರೆ, ಕಾರು ರಾತ್ರಿಯಿಡೀ ನಿಂತ ಮೇಲೆ ಅಳೆದು ನೋಡಿ. ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ಪೂರ್ತಿ ತುಂಬಿದೆ. 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿಸಿ. ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಪ್ಲೇಟ್ ಮೇಲೆ ಗಟ್ಟಿ ಪದರ ಕಟ್ಟಿ, ಮತ್ತೆ ಪೂರ್ತಿ ಚಾರ್ಜ್ ಹಿಡಿಯುವುದಿಲ್ಲ.

ಸಂದೇಶ 3: "ಕೂಲಂಟ್ ಬೇಡ, ನಮ್ಮೂರಲ್ಲಿ ಹಿಮ ಬೀಳಲ್ಲ"

ಹಿಮ ಬೀಳುವುದಿಲ್ಲ, ನಿಜ. ಆದರೆ ನಮಗೆ ಕೂಲಂಟ್ ಬೇಕಿರುವುದು ಬೇರೆ ಎರಡು ಕಾರಣಕ್ಕೆ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಮತ್ತು ಅದು ಬರೀ ನೀರಿಗಿಂತ ಹೆಚ್ಚು ಬಿಸಿಯಾದ ಮೇಲೆ ಕುದಿಯುತ್ತದೆ. ಬಿಸಿನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ಬೋರ್‌ವೆಲ್ ನೀರು ಹಾಕಿದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಆಗುತ್ತದೆ. ಕೊಳವೆ ಕಟ್ಟಿಕೊಂಡರೆ ಎಂಜಿನ್ ಕಾಯುತ್ತದೆ. ಅಲ್ಯೂಮಿನಿಯಂ ಹೆಡ್ ಇರುವ ಮಾರುತಿ 800ರಂಥ ಎಂಜಿನ್ ಒಮ್ಮೆ ಜೋರಾಗಿ ಕಾದರೆ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಹೋಗುವ ಸಂಭವವಿದೆ. ಉಳಿಸಿದ ಹಣದ ಎಷ್ಟೋ ಪಟ್ಟು ಅಲ್ಲಿ ಹೋಗುತ್ತದೆ.

ದಾರಿಯಲ್ಲಿ ಕಾರು ಕಾದಾಗ ಬೇರೇನೂ ಸಿಗದಿದ್ದರೆ ನೀರು ಹಾಕುವುದು ಸರಿಯೇ. ಮನೆಗೆ ಬಂದ ಮೇಲೆ ಅದನ್ನು ಇಳಿಸಿ ಕೂಲಂಟ್ ತುಂಬಿ.

ಆದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಪ್ರೆಷರ್ ಕುಕ್ಕರ್ ಲೆಕ್ಕವೇ ಇಲ್ಲೂ. ಒತ್ತಡವಿರುವಾಗ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು, ಅಷ್ಟೂ ಒಮ್ಮೆಗೇ ಕುದಿದು ಮುಖಕ್ಕೆ, ಕೈಗೆ ಎರಚುತ್ತದೆ. ಎಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು, ಕೈಯಿಟ್ಟು ಮುಟ್ಟುವಷ್ಟು ತಣ್ಣಗಾದ ಮೇಲೆ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ.

ಇಳಿಸಿದ ಹಳೆಯ ಕೂಲಂಟ್ ಅನ್ನು ಅಂಗಳದಲ್ಲಿ ಬಿಡಬೇಡಿ. ಬಹುತೇಕ ಕೂಲಂಟ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಚಿಕ್ಕ ಮಕ್ಕಳಿಗೆ ಸಿಗದಂತೆ ನೋಡಿಕೊಳ್ಳಿ.

ಸಂದೇಶ 4: "ಬ್ರೇಕ್ ಆಯಿಲ್ ಕಡಿಮೆಯಾದಾಗ ಹಾಕಿದರಾಯಿತು"

ನಿಂತ ಕಾರಿನ ಅತಿ ದೊಡ್ಡ ಅಪಾಯ ಇಲ್ಲಿದೆ. ಹಾಗಿದ್ದೂ ಈ ಬಗ್ಗೆ ಬರುವ ಫಾರ್ವರ್ಡ್‌ಗಳು ತೀರಾ ಕಡಿಮೆ.

ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಆಯಿಲ್. ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಮಳೆಗಾಲದ ಉಪ್ಪಿನಂತೆ ಗಾಳಿಯ ತೇವ ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ.

ಊರೊಳಗೆ ಓಡಾಡುವಾಗ ಇದರ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಬ್ರೇಕ್ ತುಳಿಯುತ್ತಲೇ ಇಳಿದರೆ ಚಕ್ರದ ಬಳಿ ಶಾಖ ಏರುತ್ತದೆ. ಹಳೆಯ ದ್ರವ ಕುದಿದು ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಬಲ ಚಕ್ರಕ್ಕೆ ಮುಟ್ಟುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆಯೇ ಕುಗ್ಗುತ್ತದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಆದ್ದರಿಂದ ಓಡಿಸಿದರೂ ಓಡಿಸದಿದ್ದರೂ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಘಾಟಿಯಲ್ಲಿ ಹತ್ತುವ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್‌ನಲ್ಲಿ ಬಿಟ್ಟು ಪೆಟ್ರೋಲ್ ಉಳಿಸುವ ಸಲಹೆಯನ್ನು ಡಿಲೀಟ್ ಮಾಡಿ. ಬ್ರೇಕ್ ಆಯಿಲ್ ಬದಲಿಗೆ ಎಂಜಿನ್ ಆಯಿಲನ್ನೋ ಕೊಬ್ಬರಿ ಎಣ್ಣೆಯನ್ನೋ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಕೆಡುತ್ತದೆ. ಮಟ್ಟ ತಾನಾಗಿ ಇಳಿಯುತ್ತಿದ್ದರೆ ಒಂದೋ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಬರೀ ತುಂಬಿಸಿ ಸುಮ್ಮನಾಗಬೇಡಿ, ತೋರಿಸಿ.

ಸಂದೇಶ 5: "ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸ್ಫೋಟ"

ಇಂಡಿಯನ್ ಆಯಿಲ್ ಹೆಸರಿನಲ್ಲಿ ಪ್ರತಿ ಬೇಸಿಗೆ ಬರುವ ಈ ಸಂದೇಶವನ್ನು ಆ ಕಂಪನಿಯೇ ಸುಳ್ಳೆಂದು ಸ್ಪಷ್ಟಪಡಿಸಿದೆ. ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆಂದು ಲೆಕ್ಕ ಹಾಕಿಯೇ ಟ್ಯಾಂಕ್ ಮಾಡಿರುತ್ತಾರೆ. ಕಿಡಿ ಇಲ್ಲದೆ ತಾನಾಗಿ ಹೊತ್ತಿಕೊಳ್ಳಲು ಪೆಟ್ರೋಲ್‌ಗೆ 200 ಡಿಗ್ರಿಗೂ ಎಷ್ಟೋ ಹೆಚ್ಚಿನ ಶಾಖ ಬೇಕು. ಕಲಬುರಗಿ, ರಾಯಚೂರಿನ ಬಿಸಿಲೂ ಅದರ ಹತ್ತಿರಕ್ಕೆ ಬರುವುದಿಲ್ಲ.

ಹಳೆಯ ಕಾರಿನಲ್ಲಿ ಬೆಂಕಿಯ ನಿಜವಾದ ಭಯ ಟ್ಯಾಂಕಿನಲ್ಲಲ್ಲ, ಪೈಪಿನಲ್ಲಿದೆ. ಬಿರುಕು ಬಿಟ್ಟ ಪೆಟ್ರೋಲ್ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಹನಿಕಿದರೆ, ಎಲ್ಲೋ ಒಂದು ಸಡಿಲ ವೈರಿನ ಕಿಡಿ ಸಾಕು.

ಈಗ ಇದು ಇನ್ನೂ ಮುಖ್ಯ. ದೇಶದ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಸುಮಾರು 20 ಶೇಕಡಾ ಎಥನಾಲ್ ಇದೆ, ಅದೇ ಇ20. ಹಳೆಯ ಕಾರುಗಳ ರಬ್ಬರ್ ಇದಕ್ಕೆಂದು ಮಾಡಿದ್ದಲ್ಲ. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಟ್ಯಾಂಕಿನ ಹಳೆಯ ಕೊಳೆ ಸಡಿಲಿಸಿ ಫಿಲ್ಟರ್‌ಗೆ ತರುತ್ತದೆ. ಮೈಲೇಜ್ ಕೂಡ ಇಳಿಯುತ್ತದೆ. ಬರೀ ಪೆಟ್ರೋಲ್‌ಗೆಂದು ಮಾಡಿ, 10 ಶೇಕಡಾ ಎಥನಾಲ್‌ಗೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ 6ರಿಂದ 7 ಶೇಕಡಾ ಇಳಿಕೆ ಆಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಾಗೆಂದು "ಇ20 ಹಾಕಿದರೆ ಒಂದೇ ವಾರದಲ್ಲಿ ಎಂಜಿನ್ ಸೀಜ್" ಎಂಬ ಸಂದೇಶಕ್ಕೂ ಆಧಾರವಿಲ್ಲ.

ಮಾಡಬೇಕಾದ್ದು ಸರಳ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಗುಣಮಟ್ಟದ ಪೈಪಿಗೆ ಬದಲಿಸಿ, ಫಿಲ್ಟರ್ ಹೊಸದು ಹಾಕಿ. ಕಾರು ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ಸೇರಿ ತುಕ್ಕು ಹಿಡಿಯುತ್ತದೆ. ಆದರೆ ಅದೇ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡದೆ ಓಡಿಸಿ ಖರ್ಚು ಮಾಡಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡುವ ಮುಂಚೆಯೇ ಕಾರಣ ಹುಡುಕಿ.

ಸಂದೇಶ 6: "ಟೈರಿನಲ್ಲಿ ಬಟನ್ ಇದೆ, ಇನ್ನೂ ಓಡುತ್ತೆ"

ಟೈರಿನ ಪಕ್ಕದಲ್ಲಿ ಉದ್ದದ ಕೋಡ್ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕೆ ಓದಿ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಿ. ಹತ್ತು ವರ್ಷ ದಾಟಿದ್ದರೆ ಬಟನ್ ಎಷ್ಟೇ ಇದ್ದರೂ ಬದಲಿಸಿ. ಸ್ಟೆಪ್ನಿಗೂ ಇದೇ ಲೆಕ್ಕ. ಇನ್ನು ನೈಟ್ರೋಜನ್: ನಾವು ತುಂಬಿಸುವ ಸಾಮಾನ್ಯ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಗಾಳಿ ನೋಡಿಸುವುದು ಅದಕ್ಕಿಂತ ಮುಖ್ಯ.

ವಿಡಿಯೋಗಳು ಹೇಳದ ಅಪಾಯ: ಜಾಕ್

ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಒಂದು ಕ್ಷಣವೂ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಜೋಡಿಸಿದರೆ ಆಯಿತೆಂದು ಕೆಲವರು ನಂಬುತ್ತಾರೆ. ಗೋಡೆಯಲ್ಲಿ ಬ್ಲಾಕ್ ಮೇಲೆ ಭಾರ ಸಮನಾಗಿ ಹಂಚಿರುತ್ತದೆ. ಕಾರಿನ ಭಾರ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಬ್ಲಾಕ್ ಬಾಗುವುದಿಲ್ಲ, ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತದೆ. ಹಗುರ ಎನ್ನುವ ಮಾರುತಿ 800 ಕೂಡ 600 ಕಿಲೋಗ್ರಾಂ ದಾಟುತ್ತದೆ.

ಗಟ್ಟಿ ಸಮತಟ್ಟು ನೆಲ, ಎದುರು ಚಕ್ರಗಳಿಗೆ ಅಡ್ಡಗಟ್ಟೆ, ಭಾರಕ್ಕೆ ತಕ್ಕ ಎರಡು ಜಾಕ್ ಸ್ಟ್ಯಾಂಡ್ ಇವಿಷ್ಟೂ ಬೇಕು. ಸ್ಟ್ಯಾಂಡ್ ಇಟ್ಟ ಮೇಲೆ ಕಾರನ್ನು ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಕೆಲಸ ಮಾಡಿ.

ಇನ್ನೊಂದು ಮಾತು. ಹಳೆಯ ಬ್ರೇಕ್ ಶೂ, ಕ್ಲಚ್ ಪ್ಲೇಟ್‌ಗಳಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ.

ಸಂದೇಶ 7: "15 ವರ್ಷವಾದ ಕಾರೆಲ್ಲ ಗುಜರಿಗೆ"

10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ವಯಸ್ಸಿನ ಮಿತಿ ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ 15 ವರ್ಷ ತುಂಬಿದ ಖಾಸಗಿ ಕಾರನ್ನು ಆರ್‌ಟಿಒ ತಪಾಸಣೆಗೆ ಒಯ್ದು, ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಶುಲ್ಕ ಮಾತ್ರ ಹೆಚ್ಚಾಗಿದೆ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿಸಲಾಯಿತು.

ಕಾರು ಕೊಂಡು ಮಾರುವವರು ಇನ್ನೊಂದು ವಿಷಯ ಮರೆಯಬಾರದು. ಮಾರಿದ ಮೇಲೆ ಹೆಸರು ವರ್ಗಾವಣೆ ಆಗುವವರೆಗೆ ಕಾನೂನಿನ ಕಣ್ಣಿಗೆ ನೀವೇ ಮಾಲೀಕರು. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರುವ ದಿನವೇ ಫಾರಂ 29, 30ಕ್ಕೆ ಸಹಿ ಮಾಡಿಸಿ, ಆರ್‌ಟಿಒಗೆ ತಲುಪಿಸಿ. ಕೊಳ್ಳುವಾಗ ಚಾಸಿ ನಂಬರ್ ಆರ್‌ಸಿಯ ಜೊತೆ ಹೊಂದುತ್ತದೆಯೇ ಎಂದು ನೀವೇ ನೋಡಿ.

ಮನೆಯಲ್ಲಿ ಏನು, ಗ್ಯಾರೇಜಿನಲ್ಲಿ ಏನು?

ಮನೆಯಲ್ಲಿ ಮಾಡಬಹುದಾದ್ದು: ಎಂಜಿನ್ ಆಯಿಲ್ ಮಟ್ಟ ನೋಡುವುದು ಮತ್ತು ಬದಲಿಸುವುದು, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ಶುಚಿ, ತಣ್ಣಗಿದ್ದಾಗ ಕೂಲಂಟ್, ವೈಪರ್, ಬಲ್ಬ್, ಫ್ಯೂಸ್. ಎಂಜಿನ್ ಆಯಿಲ್ ಕಪ್ಪಾದರೆ ಗಾಬರಿ ಬೇಡ, ಕೊಳೆ ಹಿಡಿದುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ನೀರು ಸೇರಿದೆ ಎಂದರ್ಥ, ಓಡಿಸಬೇಡಿ. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಗ್ಯಾರೇಜಿಗೇ ಬಿಡಬೇಕಾದ್ದು: ಬ್ರೇಕ್ ಲೈನ್, ಸ್ಟೀರಿಂಗ್, ಸಸ್ಪೆನ್ಷನ್ ಸ್ಪ್ರಿಂಗ್, ಏರ್‌ಬ್ಯಾಗ್, ಗ್ಯಾಸ್ ಕಿಟ್ ಮತ್ತು ಪೆಟ್ರೋಲ್ ಟ್ಯಾಂಕ್ ವೆಲ್ಡಿಂಗ್. ಖಾಲಿ ಟ್ಯಾಂಕ್‌ನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ.

ಕೊನೆಗೆ, ಖರ್ಚಿಲ್ಲದ ಒಂದು ಉಪಾಯ. ಪ್ರತಿ ಕಾರಿಗೂ ಒಂದು ಸಣ್ಣ ನೋಟ್‌ಬುಕ್ ಇಟ್ಟು ಬ್ರೇಕ್ ಆಯಿಲ್, ಕೂಲಂಟ್, ಪೈಪು, ಬ್ಯಾಟರಿ, ಟೈರಿನ ತಾರೀಕು ಬರೆಯಿರಿ. ಮೂರು ಕಾರು ಇದ್ದಾಗ ಯಾವುದಕ್ಕೆ ಯಾವಾಗ ಏನು ಮಾಡಿದೆವು ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ಕಾರು ಮಾರುವಾಗ ಆ ಪುಸ್ತಕವನ್ನೂ ಕೊಡಿ. ಕೊಳ್ಳುವವರಿಗೆ ಮೀಟರ್‌ಗಿಂತ ಹೆಚ್ಚು ವಿಷಯವನ್ನು ಅದು ಹೇಳುತ್ತದೆ.

ಹಳೆಯ ಕಾರಿನ ಬಗ್ಗೆ ಮುಂದಿನ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಹೀಗಾಗಲು ಕಾರಣವೇನೆಂದು ಇದರಲ್ಲಿ ಹೇಳಿದೆಯೇ? ಇದನ್ನು ಪಾಲಿಸಿದವರಿಗೆ ಏನಾದರೂ ಅಪಾಯವಿದೆಯೇ? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಕಾರಿನ ಮಟ್ಟಿಗೆ ಹೇಳುವುದಾದರೆ, ನಿಂತು ಹಾಳಾಗಬೇಕಾದ್ದು ಅಂಥ ಸಂದೇಶವೇ ಹೊರತು ಕಾರಲ್ಲ.